ಬೆಳಕು ಬಿದ್ದಾಗ ಮಾತ್ರ ಮದ್ದು: ಗಾಯದ ಮೇಲಿಡುವ ಪಾಲಿಮರ್ ಬಿಲ್ಲೆ ಮಾಡುವ ವಿಧಾನ

ಜೆಲ್‌ಗೆ ಔಷಧ ಬೆರೆಸಿ, ಮೇಲಿಂದ ಬೆಳಕು ಹಾಯಿಸಿ, ಔಷಧ ಹೊರಬಂತು ಎಂದು ತೋರಿಸುವುದು ಸುಲಭ. ಬೆಳಕಿಲ್ಲದಾಗ ಅದೇ ಔಷಧ ಒಳಗೇ ಕೂತಿತ್ತು ಎಂದು ತೋರಿಸುವುದು ಕಷ್ಟ. ಹೀಗೆ ಔಷಧ ಹೊತ್ತು ಬೆಳಕಿಗೆ ಮಾತ್ರ ಬಿಡಬೇಕಾದ ವಾಹಕದ ಯೋಗ್ಯತೆ ತೀರ್ಮಾನವಾಗುವುದು ಕತ್ತಲಲ್ಲಿ. ಹಾಗಾಗಿ ಇಲ್ಲಿನ ಪ್ರತಿ ಹಂತದಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದರಿಂದ ಕತ್ತಲ ಸೋರಿಕೆ ಹೆಚ್ಚುತ್ತದೋ, ಕಡಿಮೆಯಾಗುತ್ತದೋ?

ಇದು ಪ್ರಯೋಗಾಲಯದ ಮಟ್ಟದ ಕೈಪಿಡಿ. ಇದನ್ನು ನೋಡಿ ಮಾಡಿದ ಬಿಲ್ಲೆಯನ್ನು ಮನುಷ್ಯರ ಗಾಯದ ಮೇಲೆ ಇಡುವಂತಿಲ್ಲ.

ಔಷಧವನ್ನು ಸುಮ್ಮನೆ ಬೆರೆಸಿದರೆ ಯಾಕೆ ಸಾಲದು

ಒಂದು ಸಣ್ಣ ಲೆಕ್ಕ ಹಾಕಿ. 1 ಮಿಲಿಮೀಟರ್ ದಪ್ಪದ ನೀರುಂಡ ಜೆಲ್‌ನಲ್ಲಿ ವ್ಯಾಂಕೋಮೈಸಿನ್ ಎಂಬ ಪ್ರತಿಜೀವಕದ ಗಾತ್ರದ ಅಣುವಿನ ವಿಸರಣಾಂಕ (ತಾನಾಗಿ ಹರಡುವ ವೇಗದ ಅಳತೆ) ಸೆಕೆಂಡಿಗೆ ಚದರ ಸೆಂಟಿಮೀಟರಿನ ಹತ್ತು ಲಕ್ಷದಲ್ಲಿ ಸುಮಾರು 2 ಪಾಲು ಎಂದಿಟ್ಟುಕೊಳ್ಳೋಣ. ದಪ್ಪದ ವರ್ಗವನ್ನು ಇದರಿಂದ ಭಾಗಿಸಿದರೆ 5000 ಸೆಕೆಂಡ್, ಅಂದರೆ ಹೆಚ್ಚುಕಡಿಮೆ 80 ನಿಮಿಷ. ಸುಮ್ಮನೆ ಬೆರೆಸಿದ ಔಷಧದ ಹೆಚ್ಚಿನ ಪಾಲು ಅಷ್ಟರೊಳಗೆ ತಾನಾಗಿ ಹೊರಗೆ ಹೋಗಿರುತ್ತದೆ. ಮರುದಿನ ಬೆಳಕು ಹಾಯಿಸುವ ಹೊತ್ತಿಗೆ ಬಿಡಲು ಒಳಗೆ ಏನೂ ಇರುವುದಿಲ್ಲ. ಜಾಲರಿಯ ಕಣ್ಣನ್ನು ಎಷ್ಟೇ ಕಿರಿದು ಮಾಡಿದರೂ ಸಣ್ಣ ಅಣು ನುಸುಳುತ್ತದೆ.

ಆದ್ದರಿಂದ ಔಷಧವನ್ನು ಪಾಲಿಮರಿಗೆ ರಾಸಾಯನಿಕವಾಗಿಯೇ ಕಟ್ಟಿಹಾಕಬೇಕು, ಆ ಕಟ್ಟು ಬೆಳಕಿಗೆ ಮಾತ್ರ ಬಿಚ್ಚಬೇಕು. ಇದಕ್ಕೆ ಚೆನ್ನಾಗಿ ಪಳಗಿದ ಕೊಂಡಿ, ಅಂದರೆ ನಡುವೆ ಕಟ್ಟುವ ಅಣು, ಆರ್ಥೋ-ನೈಟ್ರೋಬೆಂಜೈಲ್. 2009ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಕ್ರಿಸ್ಟಿ ಆನ್ಸೆತ್ ಅವರ ತಂಡ ಇದೇ ಜಾತಿಯ ಕೊಂಡಿ ಬಳಸಿ ಬೆಳಕಿಗೆ ಕರಗುವ ಹೈಡ್ರೋಜೆಲ್ ಮಾಡಿ ತೋರಿಸಿತ್ತು. ಅಲ್ಲಿ ಕೊಂಡಿ ಜೆಲ್‌ನ ಎಳೆಗಳ ನಡುವೆ ಇತ್ತು. ಇಲ್ಲಿ ಅದು ಎಳೆಗೂ ಔಷಧಕ್ಕೂ ನಡುವೆ ಇರುತ್ತದೆ. ಜೆಲ್ ಹಾಗೆಯೇ ಉಳಿಯುತ್ತದೆ, ಔಷಧವಷ್ಟೇ ಕಳಚುತ್ತದೆ.

ಇಷ್ಟೆಲ್ಲ ತಾಪತ್ರಯ ಯಾಕೆ ಎಂದರೆ, ಗಾಯಕ್ಕೆ ಮದ್ದು ಬೇಕಾಗುವುದು ಹೊತ್ತು ಹೊತ್ತಿಗೆ. ಮೊದಲ ದಿನಗಳಲ್ಲಿ ಸೋಂಕು ತಡೆಯುವ ಔಷಧ ಬೇಕು, ಹೊಸ ಅಂಗಾಂಶ ಬೆಳೆಯುವಾಗ ಬೆಳವಣಿಗೆಯ ಪ್ರೋಟೀನ್ ಬೇಕು. 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಬೆಕಾಪ್ಲರ್ಮಿನ್ ಎಂಬ ಶೇ 0.01ರ ಜೆಲ್ ಮಧುಮೇಹಿಗಳ ಕಾಲಿನ ಹುಣ್ಣಿಗೆ ಬಳಕೆಯಲ್ಲಿದೆ. ಅದನ್ನು ದಿನಕ್ಕೊಮ್ಮೆ ಹಚ್ಚಬೇಕು, ಪ್ರತಿ ಸಲವೂ ಪಟ್ಟಿ ಬಿಚ್ಚಬೇಕು. ಪಟ್ಟಿ ಬಿಚ್ಚದೆ, ಮೇಲಿನಿಂದಲೇ ಇವತ್ತಿನ ಪಾಲನ್ನು ಬಿಡಿಸುವಂತಾದರೆ ಅದೇ ದೊಡ್ಡ ಅನುಕೂಲ.

ಯಾವ ಬಣ್ಣದ ಬೆಳಕು

365 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ (ಯುವಿ) ಬೆಳಕು ಈ ಕೊಂಡಿಗೆ ಚೆನ್ನಾಗಿ ಹಿಡಿಸುತ್ತದೆ. ಅದು ಚರ್ಮದೊಳಕ್ಕೆ ಒಂದು ಮಿಲಿಮೀಟರ್ ಕೂಡ ಸರಿಯಾಗಿ ಇಳಿಯುವುದಿಲ್ಲ ಎಂಬ ಆಕ್ಷೇಪ ಸದಾ ಕೇಳಿಬರುತ್ತದೆ. ಗಾಯದ ಬಿಲ್ಲೆಗೆ ಆ ಆಕ್ಷೇಪ ಅನ್ವಯಿಸುವುದಿಲ್ಲ. ಬೆಳಕು ದಾಟಬೇಕಾದ್ದು ಜೆಲ್ಲನ್ನು ಮಾತ್ರ, ಚರ್ಮವನ್ನಲ್ಲ. ಕೆಳಗಿನ ಅಂಗಾಂಶಕ್ಕೆ ಎಷ್ಟು ಕಡಿಮೆ ಇಳಿದರೆ ಅಷ್ಟು ಒಳ್ಳೆಯದೇ.

ಮೆಥಾಕ್ಸಿ ಗುಂಪಿರುವ ನೈಟ್ರೋಬೆಂಜೈಲ್ ಕೊಂಡಿಗಳು 405 ನ್ಯಾನೋಮೀಟರಿನಲ್ಲೂ ಸ್ವಲ್ಪ ಒಡೆಯುತ್ತವೆ. ಅಲ್ಲಿ ಜೀವಕೋಶಕ್ಕೆ ತೊಂದರೆ ಕಡಿಮೆ, ಆದರೆ ಕೊಂಡಿ ಬೆಳಕು ಹೀರುವುದೂ ಬಹಳ ಕಡಿಮೆ, ಹಾಗಾಗಿ ಹೊತ್ತು ಹಿಡಿಯುತ್ತದೆ. ಇನ್ನೊಂದು ತೊಡಕು ರಕ್ತ. ಹೀಮೋಗ್ಲೋಬಿನ್ ಅತಿ ಹೆಚ್ಚು ಹೀರುವುದು 415 ನ್ಯಾನೋಮೀಟರಿನ ಆಸುಪಾಸಿನಲ್ಲಿ. ಬಿಲ್ಲೆಯೊಳಕ್ಕೆ ರಕ್ತ ಇಂಗಿದ್ದರೆ 405ರ ಬೆಳಕಿನ ಬಹುಪಾಲು ಅಲ್ಲೇ ತಡೆಯಾಗುತ್ತದೆ. ಮೊದಲ ಸಲ ಮಾಡುವವರು 365ರಿಂದ ಶುರುಮಾಡಲಿ.

ಬೇಕಾಗುವ ಸಾಮಗ್ರಿ

- ನಾಲ್ಕು ತೋಳಿನ ಪಿಇಜಿ (ನೀರಿನಲ್ಲಿ ಕರಗುವ ಪಾಲಿಮರ್), ಅಣುತೂಕ 20 ಕಿಲೋಡಾಲ್ಟನ್, ತೋಳಿನ ತುದಿಗಳಲ್ಲಿ ಡಿಬಿಸಿಒ ಎಂಬ ರಾಸಾಯನಿಕ ಗುಂಪು
- ಅದೇ ಗಾತ್ರದ ಪಿಇಜಿ, ತುದಿಗಳಲ್ಲಿ ಡಿಬಿಸಿಒಗೆ ಅಂಟುವ ಅಜೈಡ್ ಗುಂಪು
- ಬೆಳಕಿಗೆ ಒಡೆಯುವ ಕೊಂಡಿ: ಒಂದು ತುದಿ ಅಜೈಡ್, ಇನ್ನೊಂದು ಔಷಧದ ಅಮೀನ್‌ಗೆ ಅಂಟುವ ಎನ್‌ಎಚ್‌ಎಸ್ ಕಾರ್ಬೊನೇಟ್, ನಡುವೆ ಆಲ್ಫಾ-ಮೀಥೈಲ್ ಇರುವ ನೈಟ್ರೋಬೆಂಜೈಲ್
- ಬೆಳಕಿಗೆ ಒಡೆಯದ ಕೊಂಡಿ: ಅಜೈಡ್ ಮತ್ತು ಎನ್‌ಎಚ್‌ಎಸ್ ಎಸ್ಟರ್ ಇರುವ ಸಾದಾ ಕೊಂಡಿ, ಹೋಲಿಕೆಗೆ
- ಅಮೀನ್ ಎಂಬ ಸಾರಜನಕದ ಗುಂಪಿರುವ ಔಷಧ, ಇಲ್ಲಿ ವ್ಯಾಂಕೋಮೈಸಿನ್. ಮೊದಲ ಸುತ್ತಿಗೆ ಔಷಧದ ಬದಲು ಟೆಟ್ರಾಮೀಥೈಲ್‌ರೋಡಮೀನ್ ಕ್ಯಾಡವರೀನ್ ಎಂಬ ಬಣ್ಣ
- 365 ನ್ಯಾನೋಮೀಟರ್ ಎಲ್‌ಇಡಿ, ಆ ತರಂಗಾಂತರಕ್ಕೆ ಮಾಪನಾಂಕ ಹೊಂದಿಸಿದ ಪವರ್ ಮೀಟರ್, ಯುವಿ ತಡೆಯುವ ಕನ್ನಡಕ
- ಗಾಜಿನ ಸ್ಲೈಡ್, 1 ಮಿಲಿಮೀಟರ್ ಸಿಲಿಕೋನ್ ಹಾಳೆ, 8 ಮಿಲಿಮೀಟರ್ ಬಯಾಪ್ಸಿ ಪಂಚ್
- ಹಳದಿ ಅಥವಾ ಕಿತ್ತಳೆ ದೀಪ, ಅಲ್ಯೂಮಿನಿಯಂ ಹಾಳೆ

ಬಣ್ಣದಿಂದ ಶುರುಮಾಡುವುದರಲ್ಲಿ ಅರ್ಥವಿದೆ. ರೋಡಮೀನ್ ಹೀರುವುದು 550 ನ್ಯಾನೋಮೀಟರಿನ ಸುತ್ತ. 365ರ ಬೆಳಕಿಗೆ ಅದು ಅಷ್ಟಾಗಿ ಅಡ್ಡ ಬರುವುದಿಲ್ಲ, ಸೋರಿದರೆ ಕಣ್ಣಿಗೇ ಕಾಣುತ್ತದೆ. ಫ್ಲೋರೆಸೀನ್ ಬೇಡ, ಬೆಳಕಿಗೆ ಬೇಗ ಮಾಸುತ್ತದೆ.

ಈ ಜೆಲ್ ಕಟ್ಟಲು ಬೆಳಕು ಬೇಕಿಲ್ಲ ಎಂಬುದನ್ನು ಗಮನಿಸಿ. ಜೆಲ್‌ಎಂಎ ಎಂದು ಕರೆಯುವ ಮೆಥಾಕ್ರಿಲೇಟ್ ಜೆಲಾಟಿನ್‌ಗೆ ಎಲ್‌ಎಪಿ (ಬೆಳಕು ಬಿದ್ದಾಗ ಗಟ್ಟಿಯಾಗುವ ಕ್ರಿಯೆ ಶುರುಮಾಡುವ ರಾಸಾಯನಿಕ) ಹಾಕಿ 365 ಅಥವಾ 405ರಲ್ಲಿ ಗಟ್ಟಿಮಾಡುವ ಪದ್ಧತಿ ಜನಪ್ರಿಯ. ಆದರೆ ಕಟ್ಟುವ ಬೆಳಕೂ ಬಿಚ್ಚುವ ಬೆಳಕೂ ಒಂದೇ ಆದರೆ, ಜೆಲ್ ಗಟ್ಟಿಯಾಗುವಷ್ಟರಲ್ಲೇ ಔಷಧದ ಒಂದು ಪಾಲು ಕಳಚಿರುತ್ತದೆ. ಈ ತಪ್ಪು ಎಷ್ಟು ಸಾಮಾನ್ಯವೆಂದರೆ ಮೊದಲ ದಿನದ ಸೋರಿಕೆ ಅತಿಯಾಗಿದ್ದರೆ ಮೊದಲು ಇದನ್ನೇ ಅನುಮಾನಿಸಬೇಕು. ಡಿಬಿಸಿಒ ಮತ್ತು ಅಜೈಡ್ ಕತ್ತಲಲ್ಲೇ, ಯಾವ ವೇಗವರ್ಧಕವೂ ಇಲ್ಲದೆ ಕೂಡಿಕೊಳ್ಳುತ್ತವೆ.

ಮೊದಲ ಹಂತ: ಔಷಧಕ್ಕೆ ಕೊಂಡಿ

ಕೊಂಡಿಯ ಬಾಟಲಿಯನ್ನು ಫ್ರೀಜರ್‌ನಿಂದ ತೆಗೆದ ಕೂಡಲೇ ತೆರೆಯಬೇಡಿ. ಕೋಣೆಯ ಉಷ್ಣತೆಗೆ ಬರುವವರೆಗೆ ಮುಚ್ಚಿಡಿ. ತಣ್ಣನೆಯ ಪುಡಿಯ ಮೇಲೆ ಗಾಳಿಯ ತೇವ ಕೂತರೆ ಎನ್‌ಎಚ್‌ಎಸ್ ತುದಿ ಹಾಳಾಗುತ್ತದೆ, ಹಾಳಾದದ್ದು ಕಣ್ಣಿಗೆ ಕಾಣುವುದೂ ಇಲ್ಲ. ಇಲ್ಲಿಂದ ಮುಂದಿನ ಕೆಲಸವೆಲ್ಲ ಹಳದಿ ದೀಪದಲ್ಲಿ.

ವ್ಯಾಂಕೋಮೈಸಿನ್ ಹೈಡ್ರೋಕ್ಲೋರೈಡ್ 15 ಮಿಲಿಗ್ರಾಂ, ಅಂದರೆ ಸುಮಾರು 10 ಮೈಕ್ರೋಮೋಲ್, 1 ಮಿಲಿಲೀಟರ್ ಒಣ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ. ಡಿಐಪಿಇಎ ಎಂಬ ಪ್ರತ್ಯಾಮ್ಲ 5.2 ಮೈಕ್ರೋಲೀಟರ್ ಸೇರಿಸಿ. ಇದು 30 ಮೈಕ್ರೋಮೋಲ್. ಒಂದು ಪಾಲು ಔಷಧಕ್ಕಂಟಿದ ಆಮ್ಲವನ್ನು ತಟಸ್ಥಗೊಳಿಸಲು, ಉಳಿದದ್ದು ಕ್ರಿಯೆಗೆ. ಕೊಂಡಿ 10 ಮೈಕ್ರೋಮೋಲ್ ಮಾತ್ರ ಹಾಕಿ. ಹೆಚ್ಚು ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ ಎನಿಸಿದರೂ ಹಾಕಬೇಡಿ. ಕತ್ತಲಲ್ಲಿ 4 ಗಂಟೆ ಕಲಕಿ, ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ಅಣುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) 280 ನ್ಯಾನೋಮೀಟರಿನಲ್ಲಿ ನೋಡಿ. ಕೊಂಡಿ ಸೇರಿದ ಔಷಧ ಆ ಯಂತ್ರದ ಸಿ-18 ಕಾಲಂನಲ್ಲಿ ಮೂಲ ಔಷಧಕ್ಕಿಂತ ತಡವಾಗಿ ಇಳಿಯುತ್ತದೆ. ಆ ಭಾಗವನ್ನು ಪ್ರತ್ಯೇಕಿಸಿ, ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ತೂಕ ಖಚಿತಪಡಿಸಿಕೊಂಡು, ಫ್ರೀಜ್-ಡ್ರೈ ಮಾಡಿ, ಅಲ್ಯೂಮಿನಿಯಂ ಹಾಳೆ ಸುತ್ತಿ, ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಡಿ.

ಹೆಚ್ಚು ಕೊಂಡಿ ಯಾಕೆ ಬೇಡ? ವ್ಯಾಂಕೋಮೈಸಿನ್‌ನಲ್ಲಿ ಎರಡು ಅಮೀನ್‌ಗಳಿವೆ: ಒಂದು ಸಕ್ಕರೆಯ ಭಾಗದಲ್ಲಿ, ಇನ್ನೊಂದು ಮೀಥೈಲ್ ಲ್ಯೂಸಿನ್ ತುದಿಯಲ್ಲಿ. ಎರಡಕ್ಕೂ ಕೊಂಡಿ ಬಿದ್ದರೆ ಎರಡೂ ಒಡೆದ ಮೇಲಷ್ಟೇ ಅಣು ಬಿಡುಗಡೆ. ಪ್ರೋಟೀನಿನಲ್ಲಿ ಇದು ಇನ್ನೂ ಕಠಿಣ, ಅಲ್ಲಿ ಅಮೀನ್ ಇರುವ ಲೈಸೀನ್‌ಗಳು ಹತ್ತಾರು. ಒಂದು ಪ್ರೋಟೀನಿಗೆ ಮೂರು ಕೊಂಡಿಗಳಿದ್ದು, ಬೆಳಕಿನಿಂದ ಒಟ್ಟು ಕೊಂಡಿಗಳಲ್ಲಿ ಅರ್ಧ ಒಡೆದವು ಎನ್ನಿ. ಪೂರ್ತಿ ಬಿಡುಗಡೆಯಾದ ಪ್ರೋಟೀನ್ ಅರ್ಧದ ಅರ್ಧದ ಅರ್ಧ, ಅಂದರೆ ಶೇ 12.5 ಮಾತ್ರ. “ಬೆಳಕು ಕೊಟ್ಟರೂ ಮೊದಮೊದಲು ಏನೂ ಬರುವುದಿಲ್ಲ, ಆಮೇಲೆ ಒಮ್ಮೆಲೇ ಬರುತ್ತದೆ” ಎಂಬ ದೂರಿನ ಹಿಂದೆ ಇರುವುದು ಇದೇ.

ಪ್ರೋಟೀನ್ ಆದರೆ ಡಿಎಂಎಸ್‌ಒ ಬೇಡ. 100 ಮಿಲಿಮೋಲಾರ್ ಸೋಡಿಯಂ ಬೈಕಾರ್ಬೊನೇಟ್, ಪಿಎಚ್ 8.3, ಕೋಣೆಯ ಉಷ್ಣತೆ, 2 ಗಂಟೆ. ಆಮೇಲೆ ಉಳಿದ ಸಣ್ಣ ಅಣುಗಳನ್ನು ತೆಗೆಯಲು ಡಿಸಾಲ್ಟಿಂಗ್ ಕಾಲಂ. ಟ್ರಿಸ್ ಮತ್ತು ಗ್ಲೈಸೀನ್ ಬಫರ್ ಮುಟ್ಟಬೇಡಿ, ಅವುಗಳ ಅಮೀನ್‌ಗಳೇ ಕೊಂಡಿಯನ್ನು ನುಂಗುತ್ತವೆ. ಇನ್ನೊಂದು, ಯಾರೂ ಮೊದಲೇ ಹೇಳದ ಮಾತು: ಕೆಲವು ಪ್ರೋಟೀನ್ ಬಾಟಲಿಗಳಲ್ಲಿ ಕೆಡದಂತೆ ಸೋಡಿಯಂ ಅಜೈಡ್ ಹಾಕಿರುತ್ತಾರೆ. ಅದು ಮುಂದಿನ ಹಂತದಲ್ಲಿ ಡಿಬಿಸಿಒವನ್ನೆಲ್ಲ ತಿಂದುಹಾಕಿ ಜೆಲ್ ಕಟ್ಟದಂತೆ ಮಾಡುತ್ತದೆ. ಲೇಬಲ್ ಓದಿ, ಇದ್ದರೆ ಮೊದಲೇ ತೊಳೆದುಬಿಡಿ.

ಎರಡನೆಯ ಹಂತ: ಬಿಲ್ಲೆ ಎರೆಯುವುದು

ಡಿಬಿಸಿಒ ಪಿಇಜಿಯನ್ನು ಪಿಬಿಎಸ್ ಎಂಬ ಉಪ್ಪುನೀರಿನ ಬಫರ್‌ನಲ್ಲಿ ಮಿಲಿಲೀಟರಿಗೆ 100 ಮಿಲಿಗ್ರಾಂ ಕರಗಿಸಿ. ಪಾಲಿಮರ್ 5 ಮಿಲಿಮೋಲಾರ್, ನಾಲ್ಕು ತೋಳು ಸೇರಿ ಡಿಬಿಸಿಒ 20 ಮಿಲಿಮೋಲಾರ್ ಆಯಿತು. ಇದಕ್ಕೆ ಕೊಂಡಿ ಕಟ್ಟಿದ ಔಷಧವನ್ನು 1 ಮಿಲಿಮೋಲಾರ್ ಆಗುವಂತೆ ಸೇರಿಸಿ, ಕತ್ತಲಲ್ಲಿ 1 ಗಂಟೆ ಬಿಡಿ. ಇಪ್ಪತ್ತು ತೋಳುಗಳಲ್ಲಿ ಒಂದನ್ನು ಔಷಧ ಹಿಡಿದುಕೊಳ್ಳುತ್ತದೆ, ಉಳಿದ ಹತ್ತೊಂಬತ್ತು ಜೆಲ್ ಕಟ್ಟಲು ಸಾಕು. ಹತ್ತರಲ್ಲಿ ಎರಡಕ್ಕಿಂತ ಹೆಚ್ಚು ತೋಳು ಔಷಧಕ್ಕೆ ಹೋದರೆ ಜೆಲ್ ಮೆತ್ತಗಾಗಿ ಪಂಚ್‌ನಲ್ಲಿ ಹರಿಯುತ್ತದೆ.

ಅಜೈಡ್ ಪಿಇಜಿಯನ್ನೂ ಮಿಲಿಲೀಟರಿಗೆ 100 ಮಿಲಿಗ್ರಾಂ ಕರಗಿಸಿ. ಎರಡನ್ನೂ ಮಂಜುಗಡ್ಡೆಯ ಮೇಲಿಟ್ಟು ತಣಿಸಿ, ಸಮಪಾಲು ಬೆರೆಸಿ. ಪಿಪೆಟ್‌ನಿಂದ ಐದಾರು ಸಲ ನಿಧಾನವಾಗಿ ಮೇಲೆ ಕೆಳಗೆ ಮಾಡಿದರೆ ಸಾಕು, ವೋರ್ಟೆಕ್ಸ್ ಮಾಡಿದರೆ ಗುಳ್ಳೆಗಳು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಕೂಡಲೇ ಎರಡು ಸ್ಲೈಡ್‌ಗಳ ನಡುವಿನ ಅಚ್ಚಿಗೆ ಸುರಿಯಿರಿ. ಸ್ಲೈಡ್‌ಗಳಿಗೆ ನೀರು ಹಿಡಿಯದ ಸಿಲೇನ್ ಮೊದಲೇ ಬಳಿದಿರಬೇಕು. ಕೋಣೆಯ ಉಷ್ಣತೆಯಲ್ಲಿ ಕೆಲವೇ ನಿಮಿಷಗಳಲ್ಲಿ ಹರಿಯುವುದು ನಿಲ್ಲುತ್ತದೆ, ಆದರೂ ಎರಡು ಗಂಟೆ ಬಿಡಿ.

ಲೆಕ್ಕ ಹೀಗೆ: ಕೊನೆಯ ಜೆಲ್‌ನಲ್ಲಿ ಔಷಧ 0.5 ಮಿಲಿಮೋಲಾರ್. 8 ಮಿಲಿಮೀಟರ್ ಅಗಲ, 1 ಮಿಲಿಮೀಟರ್ ದಪ್ಪದ ಬಿಲ್ಲೆಯ ಗಾತ್ರ 50 ಮೈಕ್ರೋಲೀಟರ್. ಒಂದು ಬಿಲ್ಲೆಯಲ್ಲಿ 25 ನ್ಯಾನೋಮೋಲ್, ವ್ಯಾಂಕೋಮೈಸಿನ್ ಆದರೆ 36 ಮೈಕ್ರೋಗ್ರಾಂ. ಅಜೈಡ್ ಒಟ್ಟು 21 ಪಾಲು, ಡಿಬಿಸಿಒ 20 ಪಾಲು ಇರುವುದು ಬೇಕೆಂದೇ ಮಾಡಿದ್ದು. ಉಳಿದ ಡಿಬಿಸಿಒ ಗಾಯದ ಪ್ರೋಟೀನುಗಳ ಥಯಾಲ್ (ಗಂಧಕದ) ಗುಂಪುಗಳಿಗೆ ಅಂಟಬಹುದು, ಉಳಿದ ಅಜೈಡ್ ಸುಮ್ಮನಿರುತ್ತದೆ.

ಔಷಧ ಹೆಚ್ಚು ತುಂಬುವ ಆಸೆಗೆ ಬೆಳಕೇ ಮಿತಿ ಹಾಕುತ್ತದೆ. ಕೊಂಡಿಯ ಹೀರುವ ಗುಣಾಂಕ 365ರಲ್ಲಿ ಪ್ರತಿ ಮೋಲಾರ್‌ಗೆ, ಪ್ರತಿ ಸೆಂಟಿಮೀಟರಿಗೆ 5000 ಎಂದು ಹಿಡಿಯಿರಿ. 0.5 ಮಿಲಿಮೋಲಾರ್, 1 ಮಿಲಿಮೀಟರ್ ದಪ್ಪ ಎಂದರೆ ಹೀರಿಕೆ 0.25, ಶೇ 56 ಬೆಳಕು ತಳ ಮುಟ್ಟುತ್ತದೆ. ಹತ್ತು ಪಟ್ಟು ತುಂಬಿದರೆ ಹೀರಿಕೆ 2.5 ಆಗಿ, ತಳ ಮುಟ್ಟುವುದು ಶೇ 0.3 ಮಾತ್ರ. ಮೇಲಿನ ಪದರದಲ್ಲಿ ಔಷಧ ಮುಗಿದಿರುತ್ತದೆ, ಗಾಯಕ್ಕೆ ತಗುಲಿಕೊಂಡ ಪದರ ಮುಟ್ಟಿರುವುದೇ ಇಲ್ಲ.

ತೊಳೆಯುವುದು, ಕತ್ತಲಲ್ಲಿ ಕಾಯುವುದು

ಬಿಲ್ಲೆಗಳನ್ನು ಪಿಬಿಎಸ್‌ನಲ್ಲಿ ಕತ್ತಲಲ್ಲಿ ತೊಳೆಯಿರಿ. 1, 3, 6, 24 ಗಂಟೆಗೆ ನೀರು ಬದಲಿಸಿ. ತೊಳೆದ ನೀರನ್ನು ಚೆಲ್ಲಬೇಡಿ, ಪ್ರತಿಯೊಂದನ್ನೂ ಅಳೆಯಿರಿ. ಜೆಲ್‌ಗೆ ಅಂಟದೆ ಉಳಿದ ಔಷಧ ಇಲ್ಲಿ ಹೊರಬರುತ್ತದೆ. ಹಾಕಿದ್ದರಲ್ಲಿ ತೊಳೆದು ಹೋದದ್ದನ್ನು ಕಳೆದರೆ ನಿಜವಾದ ತುಂಬು ಸಿಗುತ್ತದೆ. ಈ ಹಂತವನ್ನು ಅವಸರದಲ್ಲಿ ಮುಗಿಸಿದವರಿಗೆ ಮೊದಲ ಬೆಳಕಿನಲ್ಲಿ ಅದ್ಭುತ ಫಲಿತಾಂಶ ಬರುತ್ತದೆ, ಎರಡನೆಯದರಲ್ಲಿ ಏನೂ ಬರುವುದಿಲ್ಲ. ಬಂದದ್ದು ತೊಳೆಯದೆ ಉಳಿದಿದ್ದ ಔಷಧ.

ತೊಳೆದ ಬಿಲ್ಲೆಗಳನ್ನು 24 ಗುಳಿಗಳ ತಟ್ಟೆಯಲ್ಲಿ ಗುಳಿಗೊಂದರಂತೆ, 1 ಮಿಲಿಲೀಟರ್ ಪಿಬಿಎಸ್‌ನಲ್ಲಿ, 37 ಡಿಗ್ರಿಯಲ್ಲಿ, ಹಾಳೆ ಸುತ್ತಿ, 72 ಗಂಟೆ ಇಡಿ. ದಿನಕ್ಕೊಮ್ಮೆ ಪೂರ್ತಿ 1 ಮಿಲಿಲೀಟರ್ ತೆಗೆದು ಹೊಸದನ್ನು ಹಾಕಿ. ಸ್ವಲ್ಪ ಸ್ವಲ್ಪ ತೆಗೆದು ತಿದ್ದುಪಡಿ ಲೆಕ್ಕ ಹಾಕುವುದಕ್ಕಿಂತ ಇದು ಶುದ್ಧ. ಮೂರು ದಿನದ ಸೋರಿಕೆ ಶೇ 5 ದಾಟಿದರೆ ಮುಂದೆ ಹೋಗಬೇಡಿ. ಈ ಶೇ 5 ಯಾವ ನಿಯಮದಿಂದಲೂ ಬಂದದ್ದಲ್ಲ, ಆದರೆ ಒಂದು ಸಲಕ್ಕೆ ಶೇ 10 ಬಿಡುವ ಯೋಜನೆಯಿದ್ದಾಗ ಅದರ ಅರ್ಧಕ್ಕಿಂತ ಹೆಚ್ಚು ಕತ್ತಲಲ್ಲೇ ಸೋರಿದರೆ ನಿಯಂತ್ರಣ ಎನ್ನಲು ಬಾಯಿ ಬರುವುದಿಲ್ಲ.

ಸೋರಿಕೆಯ ಆಕಾರ ಕಾರಣವನ್ನು ಹೇಳುತ್ತದೆ. ಮೊದಲ ದಿನ ಹೆಚ್ಚು, ಆಮೇಲೆ ಸೊನ್ನೆ ಎಂದರೆ ತೊಳೆದದ್ದು ಸಾಲದು. ದಿನವೂ ಒಂದೇ ಸಮ ಎಂದರೆ ಕೊಂಡಿ ನೀರಿನಿಂದ ಒಡೆಯುತ್ತಿದೆ. ಇಲ್ಲಿನ ಕೊಂಡಿ ಔಷಧದೊಡನೆ ಮಾಡುವ ಕಾರ್ಬಮೇಟ್ ಬಂಧದ ಬದಲು ಎಸ್ಟರ್ ಕೊಂಡಿ ಬಳಸಿದಾಗ ಹೀಗಾಗುವುದು ಸಹಜ, ಗಾಯದ ರಸಿಕೆಯಲ್ಲಿರುವ ಕಿಣ್ವಗಳು ಅದನ್ನು ಇನ್ನೂ ಬೇಗ ಕಡಿಯುತ್ತವೆ. ಸ್ಯಾಂಪಲ್ ತೆಗೆದ ದಿನಗಳಲ್ಲಿ ಮಾತ್ರ ಏರಿದರೆ ನಿಮ್ಮ ಕೋಣೆಯ ದೀಪವೇ ಕೊಂಡಿ ಒಡೆಯುತ್ತಿದೆ.

ಮೂರನೆಯ ಹಂತ: ಬೆಳಕನ್ನು ಅಳೆದು ಕೊಡುವುದು

ಪವರ್ ಮೀಟರಿನ ಸಂವೇದಕವನ್ನು ಬಿಲ್ಲೆ ಇರುವ ಎತ್ತರದಲ್ಲೇ ಇಟ್ಟು, ತಟ್ಟೆಯ ಮುಚ್ಚಳ ಇರುವುದಾದರೆ ಮುಚ್ಚಳದ ಮೂಲಕವೇ ಅಳೆಯಿರಿ. ಚದರ ಸೆಂಟಿಮೀಟರಿಗೆ 10 ಮಿಲಿವ್ಯಾಟ್ ಬರುವಂತೆ ದೂರ ಹೊಂದಿಸಿ. ನಡುವಿನ ಗುಳಿಗೂ ಅಂಚಿನ ಗುಳಿಗೂ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರುವ ಜಾಗವನ್ನು ಬಳಸಬೇಡಿ. ಎಲ್‌ಇಡಿ ಕಾದಂತೆ ಅದರ ಶಕ್ತಿ ಕುಸಿಯುತ್ತದೆ, ಹತ್ತು ನಿಮಿಷ ಉರಿಸಿ ನಿಂತ ಮೇಲೆ ಅಳೆಯಿರಿ. ಕನ್ನಡಕ ಹಾಕಿಯೇ ಇರಿ. ಕಣ್ಣಿಗೆ ಯುವಿ-ಎ ಬೆಳಕಿನ ಅಂತರರಾಷ್ಟ್ರೀಯ ಮಿತಿ ದಿನದ ಎಂಟು ಗಂಟೆಗೆ ಚದರ ಸೆಂಟಿಮೀಟರಿಗೆ 1 ಜೌಲ್. ಈ ದೀಪದ ಕೆಳಗೆ ಅದು 100 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ.

10 ಮಿಲಿವ್ಯಾಟ್ ಎಂದರೆ 365ರಲ್ಲಿ ಸೆಕೆಂಡಿಗೆ, ಚದರ ಸೆಂಟಿಮೀಟರಿಗೆ ಸುಮಾರು 30 ನ್ಯಾನೋಮೋಲ್ ಫೋಟಾನ್. ಕೊಂಡಿ ಒಡೆಯುವ ವೇಗಾಂಕ ಬೇಕಾದರೆ ಈ ಫೋಟಾನ್ ಹರಿವನ್ನು ಮೋಲ್‌ನಲ್ಲಿ ಬರೆದು, ಹೀರುವ ಗುಣಾಂಕ, ಕ್ವಾಂಟಂ ಇಳುವರಿ (ಹೀರಿದ ಫೋಟಾನ್‌ಗಳಲ್ಲಿ ಕೊಂಡಿ ಒಡೆಯುವವುಗಳ ಪಾಲು) ಮತ್ತು ಏಕಮಾನ ಹೊಂದಿಸುವ 2303 ಇವುಗಳಿಂದ ಗುಣಿಸಿ. ಗುಣಾಂಕ 5000, ಇಳುವರಿ 0.02 ಎಂದಿಟ್ಟರೆ ಸೆಕೆಂಡಿಗೆ 0.007. ಮೇಲ್ಪದರಗಳು ಬೆಳಕು ಹೀರುವುದರಿಂದ ಇಡೀ ಬಿಲ್ಲೆಯ ಸರಾಸರಿ ಇದರ ಶೇ 76, ಅಂದರೆ 0.0053, ಅರ್ಧ ಔಷಧ ಬಿಡಲು 130 ಸೆಕೆಂಡ್. ನಿಮ್ಮ ಕೊಂಡಿಯ ಅಂಕಿಗಳು ಬೇರೆಯಾಗಿರುತ್ತವೆ. ಲೆಕ್ಕ ದಾರಿ ತೋರಿಸಲು ಮಾತ್ರ, ಅಳತೆಯೇ ಅಂತಿಮ.

ಪ್ರತಿ ಸಲ ಒಂದೇ ಹೊತ್ತು ಬೆಳಕು ಕೊಟ್ಟರೆ ಪ್ರತಿ ಸಲ ಬರುವ ಔಷಧ ಕಡಿಮೆಯಾಗುತ್ತ ಹೋಗುತ್ತದೆ, ಏಕೆಂದರೆ ಒಡೆಯಲು ಉಳಿದ ಕೊಂಡಿಗಳೇ ಕಡಿಮೆ. ಪ್ರತಿ ಸಲ ಮೂಲದ ಶೇ 10 ಬೇಕಾದರೆ ಮೇಲಿನ ವೇಗಾಂಕಕ್ಕೆ ಹೊತ್ತು ಹೀಗೆ ಏರಬೇಕು: 20, 22, 25, 29, 34, 42, 54, 76, 130 ಸೆಕೆಂಡ್. ಒಂಬತ್ತು ಸಲಕ್ಕೆ ಒಟ್ಟು 4.3 ಜೌಲ್. ಕೊನೆಯ ಶೇ 10ರ ಹಿಂದೆ ಬೀಳುವುದು ವ್ಯರ್ಥ. ಒಡೆದ ಕೊಂಡಿಯಿಂದ ಉಳಿಯುವ ನೈಟ್ರೋಸೋ ಕೀಟೋನ್ ಜೆಲ್‌ನಲ್ಲೇ ಇದ್ದು ಹಳದಿ-ಕಂದು ಬಣ್ಣ ಕೊಡುತ್ತದೆ, ಬೆಳಕಿಗೆ ತಾನೂ ಅಡ್ಡ ಬರುತ್ತದೆ. ಹಾಗಾಗಿ ಕೊನೆಯ ಸಲಗಳು ಲೆಕ್ಕಕ್ಕಿಂತ ನಿಧಾನ. ಆದರೆ ಆ ಉಪೋತ್ಪನ್ನ ಗಾಯಕ್ಕೆ ಇಳಿಯದೆ ಪಾಲಿಮರಿಗೇ ಅಂಟಿಕೊಂಡಿರುವುದು ಈ ಜೋಡಣೆಯ ದೊಡ್ಡ ಲಾಭ. ಕೊಂಡಿಯ ದಿಕ್ಕು ತಿರುಗಿಸಿ ಕಟ್ಟಿದರೆ ಅದು ಔಷಧದ ಜೊತೆಯಲ್ಲೇ ಹೋಗುತ್ತದೆ.

ಒಂದು ಸಲಕ್ಕೆ 2.5 ನ್ಯಾನೋಮೋಲ್, 3.6 ಮೈಕ್ರೋಗ್ರಾಂ ವ್ಯಾಂಕೋಮೈಸಿನ್. 1 ಮಿಲಿಲೀಟರಿನಲ್ಲಿ ಇದು ಸ್ಟ್ಯಾಫಿಲೋಕಾಕಸ್ ಆರಿಯಸ್‌ನ ಸಂವೇದಿ ತಳಿಗಳ ಮಿತಿಯಾದ ಮಿಲಿಲೀಟರಿಗೆ 2 ಮೈಕ್ರೋಗ್ರಾಂಗಿಂತ ಮೇಲಿದೆ. ರಸಿಕೆ ಹೆಚ್ಚು ಸುರಿಯುವ ಗಾಯದಲ್ಲಿ ಮೇಲಿರದು.

ಬೆಳಕು ಆರಿಸಿದ ಕೂಡಲೇ ಸ್ಯಾಂಪಲ್ ತೆಗೆಯುವುದು ಬಹಳ ಜನ ಮಾಡುವ ತಪ್ಪು. ಕೊಂಡಿ ಒಡೆಯುವುದು ಬೆಳಕಿನ ಕೆಲಸ, ಹೊರಗೆ ಬರುವುದು ವಿಸರಣದ ಕೆಲಸ. ಎರಡೂ ಮುಖ ತೆರೆದಿರುವ ಗುಳಿಯಲ್ಲಿ ಸುಮಾರು 20 ನಿಮಿಷ, ಒಂದೇ ಮುಖದಿಂದ ಇಳಿಯುವ ಫ್ರಾಂಜ್ ಕೋಶ ಎಂಬ ಪರೀಕ್ಷಾ ಪಾತ್ರೆಯಲ್ಲಿ 80 ನಿಮಿಷ ಹಿಡಿಯುತ್ತದೆ. ಗಾಯದ ಮೇಲೂ ಒಂದೇ ಮುಖ, ಅದೂ ಬೆಳಕು ಬೀಳುವ ಮುಖದ ಎದುರಿನದು. ಬೆಳಕಿಗೆ ಹತ್ತಿರವಿರುವ ಔಷಧ ಮೊದಲು ಕಳಚಿ, ಅತಿ ಉದ್ದದ ದಾರಿ ನಡೆಯಬೇಕು. ಐದು ನಿಮಿಷಕ್ಕೆ ಅಳೆದು “ಕೆಲಸ ಮಾಡಲಿಲ್ಲ” ಎಂದು ಮತ್ತೆ ಬೆಳಕು ಕೊಟ್ಟರೆ ಎರಡು ಪಾಲು ಒಟ್ಟಿಗೆ ಬರುತ್ತದೆ.

ಹೋಲಿಕೆಯ ಬಿಲ್ಲೆಗಳು

ಒಡೆಯದ ಕೊಂಡಿಯಿಂದ ಅದೇ ಔಷಧ ಕಟ್ಟಿದ ಬಿಲ್ಲೆಗೆ ಅದೇ ಬೆಳಕು ಕೊಡಿ. ಅದರಿಂದಲೂ ಔಷಧ ಬಂದರೆ ನೀವು ನೋಡುತ್ತಿರುವುದು ಕೊಂಡಿ ಒಡೆದದ್ದನ್ನಲ್ಲ. ಕತ್ತಲ ಬಿಲ್ಲೆಯಷ್ಟೇ ಈ ಹೋಲಿಕೆಯೂ ಮುಖ್ಯ, ಆದರೆ ಕೈಬಿಡುವುದು ಇದನ್ನೇ ಹೆಚ್ಚು.

ಬಿಡಿ ಔಷಧದ ದ್ರಾವಣಕ್ಕೂ 4.3 ಜೌಲ್ ಕೊಟ್ಟು ಎಚ್‌ಪಿಎಲ್‌ಸಿಯಲ್ಲಿ ನೋಡಿ. ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್ ಯುವಿ ಬೆಳಕಿಗೆ ಕೆಡುವ ಔಷಧಗಳು, ಅವು ಈ ಕೆಲಸಕ್ಕೆ ಬೇಡ.

ಬಿಡುಗಡೆಯಾದ ಔಷಧ ಕೆಲಸ ಮಾಡುತ್ತದೆಯೇ ಎಂದು ಬ್ಯಾಕ್ಟೀರಿಯಾದ ಮೇಲೆ ನೋಡುವಾಗ ಬೆಳಕನ್ನು ತಟ್ಟೆಯ ಮೇಲೆ ಬೀಳಿಸಬೇಡಿ. ಬಿಲ್ಲೆಗೆ ಬೇರೆಡೆ ಬೆಳಕು ಕೊಟ್ಟು, ಹೊರಬಂದ ದ್ರವವನ್ನು ಪರೀಕ್ಷಿಸಿ. 405ರ ಬೆಳಕು ಬ್ಯಾಕ್ಟೀರಿಯಾದೊಳಗಿನ ಪಾರ್ಫಿರಿನ್‌ಗಳ ಮೂಲಕ ತಾನೇ ಅವನ್ನು ಕೊಲ್ಲುತ್ತದೆ, ಹೆಸರು ಮಾತ್ರ ಸುಮ್ಮನೆ ಔಷಧಕ್ಕೆ ಬರುತ್ತದೆ.

ಜೀವಕೋಶಗಳ ಜೊತೆ ಬೆಳಕು ಕೊಡಲೇಬೇಕಾದರೆ ಅವು ಬೆಳೆಯುವ ಪೋಷಕ ಮಾಧ್ಯಮ ತೆಗೆದು ಪಿಬಿಎಸ್ ಅಥವಾ ಎಚ್‌ಬಿಎಸ್‌ಎಸ್ ಎಂಬ ಉಪ್ಪು ದ್ರಾವಣ ಹಾಕಿ. ಮಾಧ್ಯಮದಲ್ಲಿರುವ ರೈಬೋಫ್ಲೇವಿನ್ ಈ ಬೆಳಕಿಗೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ, ಜೀವಕೋಶ ಸತ್ತರೆ ಆರೋಪ ಜೆಲ್ ಮೇಲೆ ಬರುತ್ತದೆ. ವೈದ್ಯಕೀಯ ಸಾಧನಗಳ ವಿಷತ್ವ ಪರೀಕ್ಷೆಯ ಐಎಸ್‌ಒ 10993-5 ಮಾನದಂಡದ ಪ್ರಕಾರ ಬದುಕುಳಿಕೆ ಶೇ 70ಕ್ಕಿಂತ ಕೆಳಗಿಳಿದರೆ ವಿಷಕಾರಿ ಎಂದೇ ಲೆಕ್ಕ. ಬೆಳಕು ಕಂಡ ಬಿಲ್ಲೆ, ಕಾಣದ ಬಿಲ್ಲೆ ಎರಡರ ಸಾರವನ್ನೂ ಪರೀಕ್ಷಿಸಿ.

ಕ್ರಿಮಿಶುದ್ಧಿ, ಸಂಗ್ರಹ, ಮುಚ್ಚಿಗೆ

ಎರಡೂ ಪಿಇಜಿ ದ್ರಾವಣಗಳನ್ನು ಬೆರೆಸುವ ಮೊದಲು 0.22 ಮೈಕ್ರಾನ್ ಸೋಸುಕದಲ್ಲಿ ಸೋಸಿ, ಶುದ್ಧ ಕ್ಯಾಬಿನೆಟ್ಟಿನಲ್ಲಿ ಎರೆಯಿರಿ. ಆಟೊಕ್ಲೇವ್ ಬೇಡ. ಕ್ಯಾಬಿನೆಟ್ಟಿನ 254 ನ್ಯಾನೋಮೀಟರ್ ದೀಪ ಆರಿದೆಯೇ ಎಂದು ನೋಡಿಕೊಳ್ಳಿ. ವಾರದ ಕೆಲಸ ಅರ್ಧ ಗಂಟೆಯ “ಯುವಿ ಶುದ್ಧಿ”ಯಲ್ಲಿ ಹೋಗಿಬಿಡುತ್ತದೆ. ತಯಾರಾದ ಬಿಲ್ಲೆ ಪಿಬಿಎಸ್‌ನಲ್ಲಿ, 4 ಡಿಗ್ರಿಯಲ್ಲಿ, ಹಾಳೆ ಸುತ್ತಿ.

ಮಧ್ಯಾಹ್ನದ ಬಿಸಿಲಿನಲ್ಲಿ ಯುವಿ-ಎ ಚದರ ಸೆಂಟಿಮೀಟರಿಗೆ ಕೆಲವು ಮಿಲಿವ್ಯಾಟ್ ಇರುತ್ತದೆ. ಅಂದರೆ ಮುಚ್ಚದ ಬಿಲ್ಲೆ ಬಿಸಿಲಿಗೆ ಬಂದ ಒಂದೆರಡು ನಿಮಿಷದಲ್ಲೇ ಒಂದು ಪಾಲಿಗಿಂತ ಹೆಚ್ಚು ಔಷಧ ಬಿಟ್ಟುಕೊಡುತ್ತದೆ. ಬಿಲ್ಲೆಯ ಮೇಲೆ ಬೆಳಕು ಹಾಯುವ ತೆಳು ಪಾಲಿಯುರೆಥೇನ್ ಪೊರೆ, ಅದರ ಮೇಲೆ ಎತ್ತಿ ಮುಚ್ಚಬಹುದಾದ ಕಪ್ಪು ಪದರ, ಹೀಗೆ ಎರಡು ಮುಚ್ಚಿಗೆ ಬೇಕು. ಪೊರೆ 365ರಲ್ಲಿ ಎಷ್ಟು ತಡೆಯುತ್ತದೆ ಎಂದು ಅಳೆದು ಹೊತ್ತಿಗೆ ಸೇರಿಸಿ.

ಅವಗೆಂಪು ದಾರಿ ಹಿಡಿಯುವವರಿಗೆ

ಬ್ಯಾಂಡೇಜಿನ ಅಥವಾ ಹಕ್ಕಳೆಯ ಕೆಳಗಿನಿಂದ ಔಷಧ ಬಿಡಬೇಕಾದರೆ 365 ಸಾಲದು, 808 ನ್ಯಾನೋಮೀಟರ್ ಬೇಕು. ಆ ಫೋಟಾನ್‌ಗೆ ನೈಟ್ರೋಬೆಂಜೈಲ್ ಒಡೆಯುವ ಶಕ್ತಿಯಿಲ್ಲ. ಅದು ಕೊಡುವುದು ಶಾಖ, ಶಾಖ ತೆರೆಯುವುದು ಬಾಗಿಲು, ಅಂದರೆ ಬಿಸಿಗೆ ರೂಪ ಬದಲಿಸಿ ಔಷಧ ಬಿಡುವ ಪಾಲಿಮರ್. ಶಾಖ ಹುಟ್ಟಿಸಲು ಪಾಲಿಡೋಪಮೀನ್ ಕಣ ಅಗ್ಗ ಮತ್ತು ಸುಲಭ: ನೀರು 90 ಮಿಲಿಲೀಟರ್, ಎಥನಾಲ್ 40, ಶೇ 28ರ ಅಮೋನಿಯ 2, ಇದಕ್ಕೆ 10 ಮಿಲಿಲೀಟರ್ ನೀರಿನಲ್ಲಿ ಕರಗಿಸಿದ ಡೋಪಮೀನ್ ಹೈಡ್ರೋಕ್ಲೋರೈಡ್ 0.5 ಗ್ರಾಂ, 30 ಡಿಗ್ರಿಯಲ್ಲಿ 24 ಗಂಟೆ ಕಲಕಿ, ಸೆಂಟ್ರಿಫ್ಯೂಜ್‌ನಲ್ಲಿ ನೀರಿನಿಂದ ಮೂರು ಸಲ ತೊಳೆಯಿರಿ. ಅಮೋನಿಯ ಹೆಚ್ಚಿದರೆ ಕಣ ಸಣ್ಣದಾಗುತ್ತದೆ. ಇಂಡೋಸಯನೀನ್ ಗ್ರೀನ್ ಎಂಬ ಬಣ್ಣವೂ ಬಿಸಿ ಕೊಡುತ್ತದೆ, ಆದರೆ ಬೆಳಕಿಗೆ ಮಾಸುವುದರಿಂದ ಎರಡನೆಯ, ಮೂರನೆಯ ಸಲಕ್ಕೆ ಕೈಕೊಡುತ್ತದೆ.

ಕಷ್ಟ ಇರುವುದು ಬಾಗಿಲಿನಲ್ಲಿ. ಅದು 37 ಡಿಗ್ರಿಯಲ್ಲಿ ಮುಚ್ಚಿರಬೇಕು, 45ಕ್ಕೆ ಎಷ್ಟೋ ಮೊದಲೇ ತೆರೆಯಬೇಕು; ಅದಕ್ಕಿಂತ ಮೇಲೆ ಅಂಗಾಂಶ ಬೇಯತೊಡಗುತ್ತದೆ. ಪಾಲಿ-ಎನ್-ಐಸೊಪ್ರೊಪೈಲ್‌ಅಕ್ರಿಲಮೈಡ್ ಕುಗ್ಗುವುದು 32 ಡಿಗ್ರಿಯಲ್ಲಿ, ಗಾಯದ ಮೇಲೆ ಇಡುವಾಗಲೇ ಅದು ಹಿಂಡಿಕೊಂಡಿರುತ್ತದೆ. ಅಕ್ರಿಲಮೈಡ್ ಬೆರೆಸಿ ಈ ಅಂಕಿಯನ್ನು 39-40ಕ್ಕೆ ಏರಿಸಬೇಕು. ನೂರು ಮೋಲ್‌ನಲ್ಲಿ 10, 13, 16 ಪಾಲು ಬೆರೆಸಿದ ಮೂರು ಮಾದರಿ ಮಾಡಿ, ದ್ರಾವಣ ಮಬ್ಬಾಗುವ ಉಷ್ಣತೆಯನ್ನು ಔಷಧವೂ ಉಪ್ಪೂ ಇರುವಾಗಲೇ ಅಳೆದು ಆರಿಸಿ. ಪಾಲಿಡೋಪಮೀನ್ ಕಣಗಳನ್ನು ಹಾಕಿದ ಮೇಲೆ ಜೆಲ್ ಕಟ್ಟದೆ ಸತಾಯಿಸಿದರೆ ಗಾಬರಿ ಬೇಡ, ಅದರ ಕ್ಯಾಟಿಕಾಲ್ ಗುಂಪುಗಳು ಮುಕ್ತ ರ‍್ಯಾಡಿಕಲ್‌ಗಳನ್ನು ನುಂಗುತ್ತಿವೆ. ರ‍್ಯಾಡಿಕಲ್ ಹುಟ್ಟಿಸಿ ಈ ಜೆಲ್ ಕಟ್ಟಿಸುವ ಅಮೋನಿಯಂ ಪರ್‌ಸಲ್ಫೇಟ್ ದುಪ್ಪಟ್ಟು ಮಾಡಿ, ಸಾರಜನಕ ಇನ್ನಷ್ಟು ಹಾಯಿಸಿ. ಕೂಡದೆ ಉಳಿದ ಅಕ್ರಿಲಮೈಡ್ ನರಗಳಿಗೆ ವಿಷ, ಮೂರು ದಿನವಾದರೂ ತೊಳೆಯಿರಿ. ಬಾಗಿಲಿಗೆ ಪಿಎಲ್‌ಜಿಎ ಎಂಬ ಪಾಲಿಮರಿನ ಕಣ ಬಳಸುವುದಾದರೆ ಅದರ ಒಣ ಸ್ಥಿತಿಯ 45 ಡಿಗ್ರಿ ಗಾಜು-ಬಿಂದುವನ್ನು (ಗಟ್ಟಿ ಪಾಲಿಮರ್ ಮೆತ್ತಗಾಗುವ ಉಷ್ಣತೆ) ನೆಚ್ಚಿಕೊಳ್ಳಬೇಡಿ. ನೀರು ಕುಡಿದ ಮೇಲೆ ಅದು ದೇಹದ ಉಷ್ಣತೆಯ ಆಸುಪಾಸಿಗೋ ಕೆಳಕ್ಕೋ ಇಳಿಯುತ್ತದೆ, ಬಾಗಿಲು ಸದಾ ಅರೆ ತೆರೆದಿರುತ್ತದೆ.

808ರಲ್ಲಿ ಚರ್ಮಕ್ಕೆ ದೀರ್ಘ ಹೊತ್ತಿನ ಮಿತಿ ಚದರ ಸೆಂಟಿಮೀಟರಿಗೆ 0.33 ವ್ಯಾಟ್. 1 ಅಥವಾ 2 ವ್ಯಾಟ್‌ನಲ್ಲಿ ಬಂದ ಚಂದದ ರೇಖಾಚಿತ್ರಗಳಿಗೆ ಗಾಯದ ಮೇಲೆ ಬೆಲೆಯಿಲ್ಲ. ಕಪ್ಪು ಚರ್ಮದಲ್ಲಿ ಮೆಲನಿನ್ ಹೆಚ್ಚು ಹೀರಿ ಗಾಯದ ಅಂಚು ಬೇಗ ಕಾಯುವುದರಿಂದ, ಒಬ್ಬರಿಗೆ ಹೊಂದಿಸಿದ ಶಕ್ತಿಯನ್ನು ಇನ್ನೊಬ್ಬರಿಗೆ ಹಾಗೇ ಬಳಸಲಾಗದು. ಉಷ್ಣತೆಯನ್ನು ಥರ್ಮಲ್ ಕ್ಯಾಮೆರಾದಲ್ಲಿ ಮಾತ್ರ ನೋಡಬೇಡಿ, ಅದು ತೋರಿಸುವುದು ಮೇಲ್ಮೈಯನ್ನು. ಬಿಲ್ಲೆಯ ಅಡಿಯಲ್ಲಿ ತೆಳು ಥರ್ಮೋಕಪಲ್ ಇಡಿ, ಆದರೆ ಲೇಸರ್ ಅದರ ಲೋಹಕ್ಕೆ ನೇರ ಬಡಿದರೆ ಸುಳ್ಳು ಏರಿಕೆ ತೋರುತ್ತದೆ. ಲೇಸರ್ ಆರಿಸಿ, ಒಂದೆರಡು ಸೆಕೆಂಡ್ ಬಿಟ್ಟು ಓದಿ. ಆ ಅಂಕಿಯನ್ನು ಬರೆದಿಟ್ಟುಕೊಂಡು, ಇನ್ನೊಂದು ಬಿಲ್ಲೆಯನ್ನು ಅದೇ ಉಷ್ಣತೆಯ ನೀರಿನ ತೊಟ್ಟಿಯಲ್ಲಿ, ಬೆಳಕಿಲ್ಲದೆ, ಅಷ್ಟೇ ಹೊತ್ತು ಇಡಿ. ಎರಡರಿಂದಲೂ ಅಷ್ಟೇ ಔಷಧ ಬಂದರೆ ಲೇಸರ್ ಮಾಡಿದ್ದು ಬಿಸಿ ಮಾಡುವ ಕೆಲಸ ಮಾತ್ರ ಎಂದು ತಿಳಿಯುತ್ತದೆ. ಆಗ ಬೆಳಕನ್ನು ಮೂಲೆಗಿಟ್ಟು, ಆ ಬಾಗಿಲು 37ಕ್ಕೂ 39ಕ್ಕೂ ನಡುವೆ ಎಷ್ಟು ಸೋರುತ್ತದೆ ಎಂದು ಅರ್ಧರ್ಧ ಡಿಗ್ರಿ ಏರಿಸುತ್ತ ಅಳೆಯಿರಿ. ಜ್ವರ ಬಂದ ರೋಗಿಯ ಗಾಯ ಇರುವುದು ಅಲ್ಲೇ.